ಊರಿನ ನಿಧಿ ಕಥೆಗಳನ್ನು ಮಕ್ಕಳಿಗೆ ಹೇಳಬೇಕಾ? ಪರ-ವಿರೋಧ

ನಮ್ಮದು ಗದಗ ಜಿಲ್ಲೆ, ಕಪ್ಪತ್ತಗುಡ್ಡ ಕಾಣುವ ಊರು. ಕಳೆದ ತಿಂಗಳು ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. ಆರನೇ ಕ್ಲಾಸು ಅವನು. "ಮಾಮಾ, ನಿಮ್ಮೂರಲ್ಲಿ ನಿಧಿ ಇದೆಯಂತೆ, ನಿಜಾನಾ? ಅಜ್ಜಿ ಕಥೆ ನಿಂಗೆ ಗೊತ್ತಂತೆ, ಅಮ್ಮ ಹೇಳಿದ್ಲು" ಅಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ದೀಪಾವಳಿಗೆ ಬರ್ತೀಯಲ್ಲ, ಆವಾಗ ಹೇಳ್ತೀನಿ ಅಂದು ಫೋನ್ ಇಟ್ಟೆ.

ಆಮೇಲೆ ಬಹಳ ಹೊತ್ತು ಯೋಚಿಸಿದೆ. ಹೇಳಬೇಕು ಅನ್ನೋದಕ್ಕೂ ನನ್ನ ಹತ್ತಿರ ಗಟ್ಟಿ ಕಾರಣ ಇದೆ. ಬೇಡ ಅನ್ನೋದಕ್ಕೂ ಇದೆ. ಎರಡನ್ನೂ ಬೇರೆ ಬೇರೆ ಬರೆದಿದ್ದೇನೆ. ಎರಡನ್ನೂ ನಂಬಿಯೇ ಬರೆದಿದ್ದೇನೆ.

ಪರ: ಹೇಳಲೇಬೇಕು

ನಮ್ಮ ಆಯಿ, ಅಂದರೆ ಅಜ್ಜಿ, ಬೇಸಿಗೆ ರಾತ್ರಿ ಮಾಳಿಗೆ ಮೇಲೆ ನಮ್ಮನ್ನು ಸಾಲಾಗಿ ಮಲಗಿಸಿಕೊಂಡು ಹೇಳುತ್ತಿದ್ದ ಕಥೆ ಇದು. ಗುಡ್ಡದ ಹೊಟ್ಟೆಯಲ್ಲಿ ಏಳು ಕೊಪ್ಪರಿಗೆ ಹೊನ್ನು ಇದೆ. ಏಳಕ್ಕೂ ಸೇರಿಸಿ ಒಂದೇ ಸರಪಳಿ. ಮಳೆಗಾಲದ ಅಮಾವಾಸ್ಯೆ ರಾತ್ರಿ ಅವು ಒಂದರ ಹಿಂದೆ ಒಂದು ಉರುಳಿಕೊಂಡು ಹಳ್ಳಕ್ಕೆ ನೀರು ಕುಡಿಯಲು ಇಳಿಯುತ್ತವೆ. ಸರಪಳಿ ಸದ್ದು ಕೇಳಿದರೂ ಎದ್ದು ನೋಡಬಾರದು. ನೋಡಿದವರ ಕಣ್ಣು ಹೋಗುತ್ತದೆ. "ತಾನಾಗೇ ಬಂದ್ರ ಬರ್ತದ, ಬಯಸಿದ್ರ ಬರಂಗಿಲ್ಲ" ಅಂತ ಆಯಿ ಕಥೆ ಮುಗಿಸುತ್ತಿದ್ದಳು.

ಇದು ಸುಮ್ನೆ ಮಕ್ಕಳನ್ನು ಮಲಗಿಸುವ ಕಥೆ ಅಂತ ನಾನೂ ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಜಾಲಗಾರರ ವಿಷಯ ಓದಿದೆ. ಜಾಲಗಾರರು ಅಂದರೆ ಈ ಸೀಮೆಯ ಹಳ್ಳಗಳಲ್ಲಿ ಉಸುಕು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜನ. ಮಳೆ ಬಂದು ಹಳ್ಳ ಹರಿದು ಇಳಿದ ಮೇಲೆ ಅವರ ಕೆಲಸ ಶುರು. ಮರದ ಮರಿಗೆಯಲ್ಲಿ ಉಸುಕು ಹಾಕಿ ನೀರಲ್ಲಿ ತಿರುಗಿಸುತ್ತಾ ಹೋದರೆ ಹಗುರ ಮಣ್ಣು ಹೊರಗೆ ಚೆಲ್ಲುತ್ತದೆ. ತಳದಲ್ಲಿ ಕಪ್ಪು ಉಸುಕು ನಿಲ್ಲುತ್ತದೆ. ಆ ಕಪ್ಪಿನ ಅಂಚಿನಲ್ಲಿ ಎಳ್ಳಿಗಿಂತ ಚಿಕ್ಕದಾಗಿ ಹಳದಿ ಮಿನುಗಿದರೆ ಅದೇ ಅವತ್ತಿನ ಕೂಲಿ. ಡಂಬಳ, ಡೋಣಿ ಕಡೆಯ ಈ ಕೆಲಸದ ಬಗ್ಗೆ ನ್ಯೂಬೋಲ್ಡ್ ಅನ್ನೋ ಬ್ರಿಟಿಷ್ ಅಧಿಕಾರಿ 1839ರಷ್ಟು ಹಿಂದೆಯೇ ಬರೆದಿದ್ದಾನೆ. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದೇ ಡಂಬಳದ ಗುಡ್ಡಗಳ ಚಿನ್ನದ ಕಲ್ಲಿನ ಬಗ್ಗೆ ವರದಿ ಬರೆದ.

ಈಗ ಆಯಿಯ ಕಥೆಯನ್ನು ಇನ್ನೊಮ್ಮೆ ಕೇಳಿ. ಗುಡ್ಡದಲ್ಲಿ ಹೊನ್ನು ಇದೆ. ಮಳೆಗಾಲದಲ್ಲಿ ಅದು ಹಳ್ಳಕ್ಕೆ ಇಳಿಯುತ್ತದೆ. ಭೂವಿಜ್ಞಾನ ಹೇಳೋದೂ ಅದನ್ನೇ ಅಲ್ವಾ? ಬೆಣಚುಕಲ್ಲಿನ ಎಳೆಗಳಲ್ಲಿ ಸಿಕ್ಕಿಕೊಂಡ ಚಿನ್ನ, ಕಲ್ಲು ಸವೆದಂತೆ ಬಿಡಿಸಿಕೊಂಡು, ಮಳೆನೀರಿನ ಜೊತೆ ಜಾರಿ, ಹಳ್ಳದ ತಿರುವಿನಲ್ಲಿ ತಳ ಹಿಡಿಯುತ್ತದೆ. ಓದು ಬರಹ ಇಲ್ಲದ ನನ್ನ ಆಯಿಗೆ ಇದನ್ನು ಯಾರೂ ಪಾಠ ಮಾಡಿರಲಿಲ್ಲ. ಅವಳ ಆಯಿ ಕಥೆ ಹೇಳಿದ್ದಳು, ಅಷ್ಟೇ. ಕೊಪ್ಪರಿಗೆಯೊಳಗೆ ಒಂದು ಕಸುಬಿನ ತಿಳಿವಳಿಕೆ ಕೂತಿತ್ತು.

ಕೋಲಾರದ್ದು ಇನ್ನೂ ದೊಡ್ಡ ಉದಾಹರಣೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಗಡಿ ಅಳೆಯುವ ಕೆಲಸ ಶುರುವಾಯಿತು. 1802ರಲ್ಲಿ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಕಿವಿಗೆ ಆ ಕಡೆಯ ಜನರ ಮಾತು ಬಿತ್ತು: ಇಲ್ಲಿಯ ಮಣ್ಣಲ್ಲಿ ಚಿನ್ನ ಇದೆ. ಆತ ನಗಲಿಲ್ಲ. ತೋರಿಸಿದವರಿಗೆ ಇನಾಮು ಕೊಡ್ತೀನಿ ಅಂದ. ಊರಿನವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದರು, ಕಣ್ಣೆದುರೇ ತೊಳೆದರು, ಚಿನ್ನದ ಪುಡಿ ತೆಗೆದು ತೋರಿಸಿದರು. ಮಾರಿಕುಪ್ಪಂ ಹತ್ತಿರ ಜನ ಆಗಲೇ ಗುಂಡಿಗಳಿಗೆ ಇಳಿದು ಕಲ್ಲು ಕೀಳುತ್ತಿದ್ದರು. ಕೈಯಿಂದ ಕೈಗೆ ಕಲ್ಲು ಮೇಲೆ ಬರುತ್ತಿತ್ತು. ಹೆಂಗಸರು ಅದನ್ನು ಕುಟ್ಟಿ ಪುಡಿ ಮಾಡಿ ತೊಳೆಯುತ್ತಿದ್ದರು. ಹೊರಗಿನವರಿಗೆ ವದಂತಿಯಾಗಿದ್ದು ಆ ಊರಿನವರಿಗೆ ದಿನದ ಕೆಲಸ.

ವಾರೆನ್ ಬರೆದಿಟ್ಟ ವರದಿ ಸುಮಾರು ಎಪ್ಪತ್ತು ವರ್ಷ ಮೂಲೆಯಲ್ಲಿತ್ತು. ಆಮೇಲೆ ಅದು ಮೈಕಲ್ ಲ್ಯಾವೆಲ್ ಕೈಗೆ ಸಿಕ್ಕಿತು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಆತ. 1871ರಲ್ಲಿ ಎತ್ತಿನಗಾಡಿ ಕಟ್ಟಿಕೊಂಡು ಕೋಲಾರದ ಕಡೆ ಹೊರಟ. ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ಇವತ್ತು ಕಾರು ನಿಲ್ಲಿಸಲು ಜಾಗ ಹುಡುಕುವವರಿಗೆ ಆ ಹೆಸರು ಒಂದು ಎತ್ತಿನಗಾಡಿಯದ್ದು ಅಂತ ಗೊತ್ತಿರಲಿಕ್ಕಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಇಳಿಯಿತು. ಗಣಿಗೆ ಕರೆಂಟು ಬೇಕು ಅಂತ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದರು. 1902ರಲ್ಲಿ ಕೋಲಾರದ ಗಣಿಯಲ್ಲಿ ದೀಪ ಹತ್ತಿತು. ಬೆಂಗಳೂರಿನ ಬೀದಿಯಲ್ಲಿ ಹತ್ತಿದ್ದು 1905ರಲ್ಲಿ. ಎಲ್ಲದರ ಬುಡಕ್ಕೆ ಹೋದರೆ ಮರದ ಕೆಳಗೆ ಕೂತು ಹಳ್ಳಿಯವರು ಆಡಿಕೊಂಡ ಒಂದು ಮಾತು.

ಮಸ್ಕಿಯ ವಿಷಯ ನನಗೆ ಇನ್ನೂ ಇಷ್ಟ. 1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನದ ಎಳೆ ಹುಡುಕುತ್ತಾ ತಿರುಗುತ್ತಿದ್ದ ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಣ್ಣಿಗೆ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಕ್ಷರ ಬಿದ್ದವು. ಓದಿದರೆ ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಮಾತ್ರ ಇರುತ್ತಿತ್ತು. ಆ ರಾಜ ಯಾರು ಅನ್ನೋದು ಊಹೆಯ ಮೇಲೆ ನಿಂತಿತ್ತು. ಮಸ್ಕಿಯ ಬಂಡೆ ಅಶೋಕ ಅಂತ ಹೆಸರು ಹಿಡಿದು ಹೇಳಿತು. ಚಿನ್ನ ಹುಡುಕಲು ಹೋದವನಿಗೆ ಇಡೀ ದೇಶದ ಇತಿಹಾಸದ ಒಂದು ಗಂಟು ಬಿಚ್ಚಿ ಸಿಕ್ಕಿತು. ಹತ್ತಿರದಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿ ಸುಮಾರು 2000 ವರ್ಷದ ಹಿಂದೆಯೇ ಜನ ಆಳಕ್ಕೆ ಇಳಿದಿದ್ದರು. ಬೆಂಕಿ ಹಾಕಿ ಕಲ್ಲು ಕಾಯಿಸಿ, ನೀರು ಸುರಿದು ಸೀಳಿಸುತ್ತಿದ್ದರು. ಅವರು ಅದಿರು ಕುಟ್ಟಿದ ಬಂಡೆಗಳ ಮೇಲೆ ಬಟ್ಟಲಿನಂಥ ಕುಳಿಗಳಿವೆ. ಆ ಕುಳಿಯ ಮೈಯಲ್ಲಿ ಬೆರಳಾಡಿಸಿದರೆ ಒಳಕಲ್ಲು ಮುಟ್ಟಿದ ಹಾಗೇ ನುಣುಪು.

ಇನ್ನು ಹೆಸರುಗಳು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಸುವರ್ಣಗಿರಿ ಅನ್ನೋ ಊರು ಬರುತ್ತದೆ. ಅಲ್ಲಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಇಸಿಲ ಅನ್ನೋ ಊರಿನ ಅಧಿಕಾರಿಗಳ ಕ್ಷೇಮ ಕೇಳುತ್ತಾನೆ. ಆ ಸುವರ್ಣಗಿರಿ ನಮ್ಮ ಕನಕಗಿರಿಯೇ ಅಂತ ಕೆಲವು ವಿದ್ವಾಂಸರು, ಆಂಧ್ರದ ಜೊನ್ನಗಿರಿ ಅಂತ ಇನ್ನು ಕೆಲವರು. ಯಾವುದಾದರೂ ಆಗಲಿ, ಊರಿನ ಹೆಸರು ಚಿನ್ನವನ್ನು ಎರಡು ಸಾವಿರ ವರ್ಷ ಬಾಯಲ್ಲಿ ಇಟ್ಟುಕೊಂಡು ಬಂದಿದೆ. ನಮ್ಮ ಪಕ್ಕದ ಲಕ್ಕುಂಡಿಯೂ ಹಾಗೇ. ಮಳೆ ಬಂದು ಮಣ್ಣು ತೊಳೆದರೆ ಅಲ್ಲಿ ಹೊನ್ನು ಕಾಣುತ್ತದೆ ಅಂತ ಸುತ್ತಲಿನ ಊರುಗಳಲ್ಲಿ ಹೇಳುತ್ತಾರೆ. ಕೇಳಿದರೆ ಅತಿ ಅನ್ನಿಸುತ್ತದೆ. ಆದರೆ ಅದು ನಾಣ್ಯ ಅಚ್ಚು ಹಾಕುತ್ತಿದ್ದ ಊರು. ಲೊಕ್ಕಿ ಗದ್ಯಾಣ ಅನ್ನೋ ಹೊನ್ನಿಗೆ ಆ ಹೆಸರು ಬಂದದ್ದೇ ಆಗಿನ ಲೊಕ್ಕಿಗುಂಡಿಯಿಂದ.

ಈ ಕಥೆಗಳಿಗೆ ಇನ್ನೊಂದು ಗುಣ ಇತ್ತು. ಅವು ಕಾವಲು ಕಾಯುತ್ತಿದ್ದವು. ಏಳು ಹೆಡೆ ಸರ್ಪ ಇದೆ, ಮುಟ್ಟಿದವರ ವಂಶ ಉಳಿಯಲ್ಲ ಅಂತ ಹೇಳುತ್ತಿದ್ದುದರಿಂದ ಎಷ್ಟು ಹಾಳು ಗುಡಿ, ಎಷ್ಟು ಬಾವಿ, ಎಷ್ಟು ದೇವರ ಕಾಡು ಉಳಿದವು! ಆಯಿಯ ಕಥೆ ಯಾರನ್ನೂ ಗುದ್ದಲಿ ಹಿಡಿ ಅನ್ನಲಿಲ್ಲ. ಬಯಸಬೇಡ ಅಂದಿತ್ತು. ನಮ್ಮೂರ ಹೊಲದ ಅಂಚಿನಲ್ಲಿ ಬೇವಿನ ಮರದ ಕೆಳಗೆ ಒಂದು ವೀರಗಲ್ಲು ಇತ್ತು. ಏಳು ಕೊಪ್ಪರಿಗೆ ಕಾಯೋನು ಅವನೇ ಅಂತ ಆಯಿ ತೋರಿಸುತ್ತಿದ್ದಳು. ಅದಕ್ಕೇ ಆ ಕಲ್ಲಿಗೆ ವರ್ಷಕ್ಕೊಮ್ಮೆ ಎಣ್ಣೆ, ಸುಣ್ಣ, ಒಂದು ತೆಂಗಿನಕಾಯಿ. ಯಾವ ಇಲಾಖೆಯ ಬೋರ್ಡೂ ಇರಲಿಲ್ಲ. ಆದರೂ ಉಳುವಾಗ ನೇಗಿಲು ಅದನ್ನು ಸುತ್ತಿ ಹೋಗುತ್ತಿತ್ತು.

ನಾವು ಹೇಳದಿದ್ದರೆ ಮಕ್ಕಳು ಕೇಳೋದು ಬಿಡುತ್ತಾರಾ? ಫೋನ್ ತೆಗೆದರೆ ಸಾಕು, ನೆಲದೊಳಗಿನ ಚಿನ್ನ ತೋರಿಸೋ ಮಷಿನ್ ಅಂತ ವಿಡಿಯೋ ಬರುತ್ತದೆ. ಆಯಿಯ ಕಥೆಯಲ್ಲಿ ಇದ್ದ ಹೆದರಿಕೆ, ಮರ್ಯಾದೆ, ಜಾಲಗಾರರ ನೆನಪು ಅದರಲ್ಲಿ ಇಲ್ಲ. ಆಸೆ ಒಂದೇ ಇದೆ. ಮನೆಯ ಕಥೆ ನಿಂತ ಜಾಗದಲ್ಲಿ ಆ ವಿಡಿಯೋ ಕೂರುತ್ತದೆ. ನಾನಾದರೆ ಹುಡುಗನಿಗೆ ಹೇಳುತ್ತೇನೆ. ಹಳ್ಳಕ್ಕೆ ಕರೆದುಕೊಂಡು ಹೋಗಿ, ಒಂದು ಬೋಗುಣಿ ಉಸುಕು ತೊಳೆದು ತೋರಿಸಿ ಹೇಳುತ್ತೇನೆ.

ವಿರೋಧ: ಇನ್ನು ಸಾಕು

ಆ ವೀರಗಲ್ಲಿನಿಂದಲೇ ಶುರು ಮಾಡುತ್ತೇನೆ.

ಆಯಿ ಹೋಗಿ ನಾಲ್ಕು ವರ್ಷ ಆಗಿತ್ತು. ಒಂದು ಅಮಾವಾಸ್ಯೆಯ ಮರುದಿನ ಬೆಳಗ್ಗೆ ಹೊಲಕ್ಕೆ ಹೋದವರು ಓಡಿ ಬಂದು ಕರೆದರು. ಬೇವಿನ ಮರದ ಕೆಳಗೆ ಆಳೆತ್ತರ ಗುಂಡಿ. ಮರದ ಬೇರು ಕತ್ತರಿಸಿ ಹಾಕಿದ್ದರು, ಬಿಳಿ ತೊಗಟೆ ಇನ್ನೂ ಹಸಿಯಾಗಿತ್ತು. ಸುತ್ತ ಅರಿಶಿನ ಕುಂಕುಮ, ಹೋಳು ಮಾಡಿದ ನಿಂಬೆಹಣ್ಣು, ಕೋಳಿಯ ಪುಕ್ಕ, ಎರಡು ನೀರಿನ ಬಾಟಲಿ. ಕಲ್ಲನ್ನು ಹಾರೆಯಿಂದ ಮೀಟಿ ಕೆಡವಿದ್ದರು. ಬಿದ್ದ ಏಟಿಗೆ ಎರಡು ತುಂಡಾಗಿತ್ತು. ಕೆಳಗಿನ ತುಂಡಿನಲ್ಲಿ ದನ ಬಿಡಿಸಲು ಹೋರಾಡುವ ವೀರ ಇದ್ದ. ಎರಡನೇ ಸಾಲಿನಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರ ಕಾಲುಗಳು ಮಾತ್ರ ಉಳಿದಿದ್ದವು. ಮೇಲಿನ ತುಂಡು, ಲಿಂಗ ಮತ್ತು ಸೂರ್ಯ ಚಂದ್ರ ಇದ್ದದ್ದು, ಅಲ್ಲಿ ಇರಲೇ ಇಲ್ಲ. ಅದರೊಳಗೆ ಏನೋ ಇದೆ ಅಂತ ಹೊತ್ತುಕೊಂಡು ಹೋಗಿದ್ದರು. ಗುಂಡಿಯ ತಳದಲ್ಲಿ ಏನಿತ್ತು ಅಂದರೆ ಮಣ್ಣು. ಮಣ್ಣಿನ ಕೆಳಗೆ ಗರಸು.

ಅವರಿಗೆ ಆ ಜಾಗ ಯಾರು ತೋರಿಸಿದರು? ಏಳು ಕೊಪ್ಪರಿಗೆ ಕಾಯೋನು ಇವನೇ ಅಂತ ಹೇಳಿದ್ದು ಯಾರು? ನಮ್ಮ ಆಯಿ. ಅವಳ ಹಾಗೆ ಇನ್ನೂ ಹತ್ತು ಮನೆಯ ಆಯಿಯರು. ಇದನ್ನು ಬರೆಯಲು ನನಗೆ ಸಂಕಟ ಆಗುತ್ತದೆ, ಆದರೆ ಸತ್ಯ. ಬಯಸಬೇಡ ಅನ್ನೋ ಕೊನೆಯ ಸಾಲು ಗುಂಡಿ ತೋಡಿದವರ ಕಿವಿಗೆ ಹೋಗಲೇ ಇಲ್ಲ. ಜಾಗ ಯಾವುದು ಅನ್ನೋದು ಮಾತ್ರ ಹೋಯಿತು.

ಪರ ವಾದದಲ್ಲಿ ಕಥೆ ಕಾವಲು ಕಾಯುತ್ತದೆ ಅಂತ ಬರೆದೆ. ಸರ್ಪಕ್ಕೆ ಹೆದರುವ ಜನ ಇರುವವರೆಗೆ ಕಾಯಿತು. ಈಗ ಹೆದರಿಕೆಗೆ ಮದ್ದು ಇದೆ ಅಂತ ನಂಬಿಸುವವರು ಬಂದಿದ್ದಾರೆ. ಅಂಜನ ಹಾಕಿ ನೋಡ್ತೀವಿ, ದಿಗ್ಬಂಧನ ಮಾಡ್ತೀವಿ, ಸರ್ಪಕ್ಕೆ ಬೇರೆ ಏನಾದರೂ ಕೊಟ್ಟು ಸಮಾಧಾನ ಮಾಡ್ತೀವಿ ಅಂತಾರೆ. ಆ ಬೇರೆ ಏನಾದರೂ ಕೋಳಿಯಿಂದ ಶುರುವಾಗುತ್ತದೆ. ನಿಧಿಗಾಗಿ ಮನುಷ್ಯರ ಬಲಿಗೆ ಕೈ ಹಾಕಿದ ಸುದ್ದಿಯನ್ನೂ ನಾವು ಪತ್ರಿಕೆಯಲ್ಲಿ ಓದಿದ್ದೇವೆ, ಅದರಲ್ಲಿ ಮಕ್ಕಳೂ ಇರುತ್ತಾರೆ. ವಾಮಾಚಾರ, ಅಮಾನವೀಯ ಆಚರಣೆ ತಡೆಯಲು ಕರ್ನಾಟಕ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ನಿಧಿ ಬಲಿ ಕೇಳುತ್ತದೆ ಅನ್ನೋ ಒಂದು ಸಾಲು ನಮ್ಮ ಎಷ್ಟೋ ಕಥೆಗಳಲ್ಲಿ ಇದೆ. ಆ ಸಾಲನ್ನು ಮಗುವಿನ ಕಿವಿಗೆ ಹಾಕುವಾಗ ನಮಗೆ ಏನೂ ಅನ್ನಿಸುವುದಿಲ್ಲ ಅಲ್ವಾ?

ಇನ್ನೊಂದು ನೋವು ಅಕ್ಷರದ್ದು. ದಾನಶಾಸನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ. ಇದಕ್ಕೆ ಅಷ್ಟಭೋಗ ಅನ್ನುತ್ತಾರೆ. ಭೂಮಿ ದಾನ ಕೊಟ್ಟಾಗ ಅದರ ನೀರು, ಕಲ್ಲು, ಇವತ್ತಿನ ಹುಟ್ಟುವಳಿ, ಮುಂದೆ ಬರೋದು, ಒಳಗೆ ಏನಾದರೂ ಸಿಕ್ಕರೆ ಅದು, ಎಲ್ಲದರ ಹಕ್ಕೂ ನಿನ್ನದೇ ಅಂತ ಅರ್ಥ. ಇವತ್ತಿಗೂ ಎಷ್ಟೋ ಕ್ರಯಪತ್ರಗಳಲ್ಲಿ ಇದೇ ಸಾಲು ಇರುತ್ತದೆ. ನಿಮ್ಮ ಮನೆಯ ಹಳೇ ಪತ್ರ ತೆಗೆದು ನೋಡಿ, ನಿಧಿ ನಿಕ್ಷೇಪ ಸಿಗುತ್ತದೆ! ಆದರೆ ಅರೆಬರೆ ಓದುವವನಿಗೆ ಕಲ್ಲಿನ ಮೇಲೆ ನಿಧಿ ಅನ್ನೋ ಎರಡಕ್ಷರ ಕಂಡರೆ ಸಾಕು. ಮೇಲೆ ಸೂರ್ಯ ಚಂದ್ರ ಇದ್ದರೆ ಅದು ಗುರುತು ಅಂತಾನೆ. ಅದು ಸೂರ್ಯ ಚಂದ್ರ ಇರುವವರೆಗೆ ಈ ದಾನ ನಡೆಯಲಿ ಅಂತ ಕೆತ್ತಿದ್ದು. ಬಸವಣ್ಣನ ದೃಷ್ಟಿ ಬೀಳುವ ಕಡೆ ಅಗೆಯುತ್ತಾರೆ. ಏನೂ ಸಿಗದಿದ್ದರೆ ಬಸವಣ್ಣನ ಹೊಟ್ಟೆಯನ್ನೇ ಒಡೆಯುತ್ತಾರೆ. ಒಡೆದ ಕಲ್ಲಿನಲ್ಲಿ ಇದ್ದದ್ದು ಒಂದು ಕೆರೆಯನ್ನು ಯಾರು ಕಟ್ಟಿಸಿದರು, ತೂಬಿಗೆ ಎಷ್ಟು ಗದ್ದೆ ಬಿಟ್ಟರು ಅನ್ನೋ ವಿಷಯ. ಆ ಊರಿಗೆ ತನ್ನ ಬಗ್ಗೆ ಇದ್ದ ಒಂದೇ ಒಂದು ದಾಖಲೆ ಜಲ್ಲಿಯಾಗಿ ಹೋಗುತ್ತದೆ.

2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಆಗಿದ್ದನ್ನು ನಾನು ಮರೆಯಲಾರೆ. ತುಂಗಭದ್ರೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ವೃಂದಾವನ ಇವೆ. ಅದರಲ್ಲಿ ವ್ಯಾಸರಾಯರದ್ದನ್ನು ರಾತ್ರೋರಾತ್ರಿ ಕಿತ್ತು ಹಾಕಿದರು. ನಿಧಿ ಹುಡುಕಲು ಬಂದವರ ಕೆಲಸ ಅದು, ಕೆಲವರು ಸಿಕ್ಕಿಬಿದ್ದರು. ಭಕ್ತರು ಅಳುತ್ತಲೇ ಕಲ್ಲಿಗೆ ಕಲ್ಲು ಜೋಡಿಸಿ ಮತ್ತೆ ನಿಲ್ಲಿಸಿದರು. ವ್ಯಾಸರಾಯರು 1539ರಲ್ಲಿ ತೀರಿಕೊಂಡ ಸನ್ಯಾಸಿ. ಕೃಷ್ಣದೇವರಾಯನಂಥ ರಾಜ ಗೌರವಿಸಿದ್ದ ಗುರು. ದಂಡ, ಕಮಂಡಲ, ಕಾವಿ ಬಿಟ್ಟು ಸನ್ಯಾಸಿಯ ಸಮಾಧಿಯಲ್ಲಿ ಏನು ಇರುತ್ತದೆ? ಕಥೆ ತಲೆಗೆ ಹತ್ತಿದ ಮೇಲೆ ಈ ಸರಳ ಪ್ರಶ್ನೆಗೂ ಜಾಗ ಇರುವುದಿಲ್ಲ.

ಹಂಪಿಯ ನಿಧಿಯ ಬಗ್ಗೆಯೂ ಒಂದು ಕ್ಷಣ ಯೋಚಿಸಿ. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ಸೋತ ಸುದ್ದಿ ಬಂದಾಗ ವಿಜಯನಗರದ ಅರಸು ಮನೆತನದ ತಿರುಮಲರಾಯ ಅರಮನೆಯ ಸಂಪತ್ತನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಗೆ ಹೋದ. 550 ಆನೆ ಅಂತ ಲೆಕ್ಕವನ್ನೂ ಹೇಳುತ್ತಾರೆ. ಆನೆಯ ಸಂಖ್ಯೆ ಹೆಚ್ಚು ಕಡಿಮೆ ಇರಬಹುದು. ಆದರೆ ಇದ್ದದ್ದನ್ನು ಒಡೆಯನೇ ಒಯ್ದ. ಉಳಿದದ್ದನ್ನು ಗೆದ್ದ ಸೈನ್ಯ ತಿಂಗಳುಗಟ್ಟಲೆ ದೋಚಿತು. ಅಷ್ಟಾದ ಮೇಲೆ ನಾನೂರೈವತ್ತು ವರ್ಷ ಬಿಟ್ಟು ಮಂಟಪದ ಕಂಬದ ಬುಡ ಅಗೆದರೆ ಕಂಬ ಬೀಳುತ್ತದೆ, ಬೇರೇನೂ ಆಗುವುದಿಲ್ಲ.

ಕೋಲಾರದ ಉದಾಹರಣೆಗೆ ಬರೋಣ. ಕಥೆ ನಿಜವಾಯಿತು, ಒಪ್ಪುತ್ತೇನೆ. ಯಾರಿಗೆ ನಿಜವಾಯಿತು? ಗಾಡಿಯಲ್ಲಿ ಮಣ್ಣು ತಂದು ತೋರಿಸಿದವರ ಹೆಸರು ಯಾವ ರಸ್ತೆಗೂ ಇಲ್ಲ. ಸುಮಾರು 120 ವರ್ಷದಲ್ಲಿ 800 ಟನ್ನಿನಷ್ಟು ಚಿನ್ನ ಮೇಲೆ ಬಂತು ಅಂತ ಲೆಕ್ಕ. ಅದಕ್ಕಾಗಿ ಜನ ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದರು. ಅಲ್ಲಿ ಕಲ್ಲೇ ಕೆಂಡದ ಹಾಗೆ ಕಾದಿರುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಲ್ಲಾದವರು ಇದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ಹಾಕಿ ತೊಳೆದ ಪುಡಿಯ ದಿಬ್ಬಗಳು ಉಳಿದವು, ಮೂರು ಕೋಟಿ ಟನ್ನಿಗೂ ಜಾಸ್ತಿ. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಬೂದು ಧೂಳು ಮನೆಯೊಳಗೆ ಬರುತ್ತದೆ. ನಾನು ಒಮ್ಮೆ ಹೋದಾಗ ಹಳೇ ಕಾರ್ಮಿಕರೊಬ್ಬರ ಮನೆಯಲ್ಲಿ ಚಹಾ ಕುಡಿದೆ. ಲೋಟ ಕೊಡುವ ಮೊದಲು ಅವರ ಹೆಂಡತಿ ಅದನ್ನು ಸೆರಗಿನಿಂದ ಎರಡು ಸಲ ಒರೆಸಿದರು. ಒರೆಸಿ ಒರೆಸಿ ಅಭ್ಯಾಸ ಆಗಿಬಿಟ್ಟಿದೆ ಅಂದರು. ನಿಧಿಯ ಕಥೆಯಲ್ಲಿ ರಾಜ ಇರುತ್ತಾನೆ, ಸರ್ಪ ಇರುತ್ತದೆ, ಅದೃಷ್ಟವಂತ ಇರುತ್ತಾನೆ. ಆ ಹೆಂಗಸು ಇರುವುದಿಲ್ಲ.

ಹಳ್ಳಿಯವರನ್ನಷ್ಟೇ ಯಾಕೆ ಅನ್ನಲಿ. 2013ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಡೌಂಡಿಯಾ ಖೇಡಾದಲ್ಲಿ ಒಬ್ಬ ಸಾಧುವಿಗೆ ಕನಸು ಬಿತ್ತು, ಹಳೇ ಕೋಟೆಯ ಕೆಳಗೆ 1000 ಟನ್ ಚಿನ್ನ ಇದೆ ಅಂತ. ಪುರಾತತ್ವ ಇಲಾಖೆಯೇ ಹೋಗಿ ಅಗೆಯಿತು. ದೇಶದ ಟಿ.ವಿ. ಕ್ಯಾಮೆರಾಗಳೆಲ್ಲ ಅಲ್ಲೇ. ಸಿಕ್ಕಿದ್ದು ಮಡಕೆ ಚೂರು, ಬಳೆ ಚೂರು. 2020ರಲ್ಲಿ ಅದೇ ರಾಜ್ಯದ ಸೋನ್‌ಭದ್ರದಲ್ಲಿ 3000 ಟನ್ನಿಗೂ ಮೀರಿ ಚಿನ್ನ ಅಂತ ಸುದ್ದಿಯಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಸುಮಾರು 160 ಕಿಲೋ ಇರಬಹುದು ಅಂತ ಸ್ಪಷ್ಟ ಮಾಡಿದರು. ಅದೇ ವರ್ಷ ನಮ್ಮ ಮಂಡ್ಯದಲ್ಲಿ 14,100 ಟನ್ ಲಿಥಿಯಂ ಇದೆ ಅಂತ ಎಲ್ಲರೂ ಹಂಚಿಕೊಂಡಿದ್ದು ನೆನಪಿದೆಯಾ? ಮುಂದಿನ ವರ್ಷ ಸರ್ಕಾರ ಹೇಳಿದ ಅಂಕಿ 1600 ಟನ್. ಕೊಪ್ಪರಿಗೆ ಹೋಗಿ ಟನ್ ಬಂದಿದೆ. ಕಥೆ ಅದೇ ಇದೆ. ನೆಲದಡಿ ನಮ್ಮ ಬಡತನಕ್ಕೆಲ್ಲ ಒಂದೇ ಏಟಿಗೆ ಉತ್ತರ ಇದೆ ಅನ್ನೋ ಕಥೆ. ಅದನ್ನು ನಂಬಿದವರಿಗೆ ನೆಲದ ಮೇಲೆ ಇರೋದು ಅಡ್ಡ ಅನ್ನಿಸತೊಡಗುತ್ತದೆ.

ಕಪ್ಪತ್ತಗುಡ್ಡಕ್ಕೆ ಆಗಲಿದ್ದುದೂ ಅದೇ. "ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತ್ತಗಿರಿ ನೋಡು" ಅಂತ ನಮ್ಮ ಕಡೆ ಗಾದೆ. ಔಷಧದ ಗಿಡಗಳಿಗೆ ಹೆಸರಾದ ಗುಡ್ಡ ಅದು. ಅಲ್ಲಿ ಚಿನ್ನ ಇದೆ, ಗಣಿ ಮಾಡಬೇಕು ಅನ್ನೋ ಪ್ರಯತ್ನ ವರ್ಷಗಟ್ಟಲೆ ನಡೆಯಿತು. 2015ರ ಕೊನೆಗೆ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯಿತು. ಒಂದೇ ವರ್ಷದಲ್ಲಿ, 2016ರಲ್ಲಿ, ಆ ಘೋಷಣೆ ವಾಪಸಾಯಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಜನ ಬೀದಿಗೆ ಇಳಿದರು. 2017ರಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ ವನ್ಯಜೀವಿಧಾಮ ಆಯಿತು. ಆ ಹೋರಾಟದಲ್ಲಿ ನಾನೂ ಒಂದು ದಿನ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಗುಡ್ಡದ ಕಡೆ ಕೈ ತೋರಿಸಿ "ಅದು ಮಳಿ ಕರೀತದಪಾ, ಬಂಗಾರ ಮಳಿ ಕರೀತದೇನು?" ಅಂದರು. ನನಗೆ ಆಯಿಯ ಕಥೆ ನೆನಪಾಯಿತು. ಅದರಲ್ಲಿ ಗುಡ್ಡ ಒಂದು ಪೆಟ್ಟಿಗೆ. ಮಳೆ ಇಲ್ಲ, ಗಿಡ ಇಲ್ಲ, ದನ ಮೇಯಿಸುವವರು ಇಲ್ಲ. ಅಷ್ಟು ಪ್ರೀತಿಯಿಂದ ಕೇಳಿದ ಕಥೆ ನನಗೆ ಆ ಹೊತ್ತಿನಲ್ಲಿ ಬೇಡ ಅನ್ನಿಸಿತು.

ಹಾಗಾದರೆ ಹುಡುಗನಿಗೆ ಏನು ಹೇಳಲಿ? ಜಾಲಗಾರರ ಬಗ್ಗೆ ಹೇಳಬಹುದು. ಮಸ್ಕಿ ಬಂಡೆಯ ಬಗ್ಗೆ, ಹಟ್ಟಿಯ ಕುಳಿಗಳ ಬಗ್ಗೆ ಹೇಳಬಹುದು. ಅದಕ್ಕೆಲ್ಲ ಕೊಪ್ಪರಿಗೆ ಬೇಕಾಗಿಲ್ಲ. ನೆಲ ಅಗೆಯುವಾಗ ಹಳೇದೇನಾದರೂ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನೋ ಕಾನೂನು 1878ರಿಂದಲೇ ಇದೆ, ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದು ಅಂತ ಆಗ ಬರೆದಿದ್ದರು. ಅದನ್ನೂ ಹೇಳಬಹುದು, ಮಕ್ಕಳಿಗೆ ಇಂಥ ವಿವರ ಇಷ್ಟ ಆಗುತ್ತದೆ. ಆದರೆ ಇಂಥ ಮರದ ಕೆಳಗೆ, ಇಂಥ ಕಲ್ಲಿನ ಹಿಂದೆ ಇದೆ ಅನ್ನೋ ಕಥೆ ನನ್ನ ಬಾಯಿಂದ ಬರಬಾರದು ಅಂತ ಅಂದುಕೊಂಡಿದ್ದೇನೆ.

ಉಳಿದ ಅರ್ಧ ವೀರಗಲ್ಲನ್ನು ಊರಿನವರು ಹನುಮಪ್ಪನ ಗುಡಿಯ ಗೋಡೆಗೆ ಒರಗಿಸಿ ಇಟ್ಟಿದ್ದಾರೆ. ಈಗಲೂ ಯಾರೋ ಎಣ್ಣೆ ಹಚ್ಚುತ್ತಾರೆ. ದೀಪಾವಳಿಗೆ ಹುಡುಗ ಬಂದಾಗ ಗುಡಿಗೆ ಹೋಗಲೇಬೇಕು. ಅಪ್ಸರೆಯರ ಕಾಲು ನೋಡಿ, ಇವರ ಮುಖ ಎಲ್ಲಿ ಮಾಮಾ ಅಂತ ಅವನು ಕೇಳುತ್ತಾನೆ.